ಗೇಮ್ ತಯಾರಿಸುವ ಮುನ್ನ ಹಾಕಬೇಕಾದ ಲೆಕ್ಕ

ಪುಣೆಯ ಐಟಿ ಕಂಪನಿಗಳಲ್ಲಿ ದುಡಿಯುತ್ತ, ನೌಕರಿ ಬಿಟ್ಟು ಸ್ವಂತ ಗೇಮ್ ಸ್ಟುಡಿಯೊ ಕಟ್ಟಬೇಕೆಂದಿರುವ ಕನ್ನಡದ ಗೆಳೆಯರು ಕೋಡ್ ಬರೆಯುವುದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಹಾಕಿದ ಹಣ ಮರಳಿ ಬರಲು ಎಷ್ಟು ಪ್ರತಿಗಳು ಮಾರಾಟವಾಗಬೇಕು?

ಮೊದಲು ಖರ್ಚನ್ನು ಬರೆಯಿರಿ. ಅದರಲ್ಲಿ ಸಿಂಹಪಾಲು ಸಂಬಳದ್ದೇ. ನಾಲ್ವರು 18 ತಿಂಗಳು ದುಡಿಯುತ್ತಾರೆ, ತಲಾ ತಿಂಗಳಿಗೆ 50,000 ರೂಪಾಯಿ ಎಂದು ಹಿಡಿದರೆ 36 ಲಕ್ಷವಾಗುತ್ತದೆ. ಕೋಥ್ರೂಡ್‌ನಲ್ಲೊಂದು ಕೋಣೆಯ ಬಾಡಿಗೆ, ಕಂಪ್ಯೂಟರ್, ಸಂಗೀತ, ಟ್ರೇಲರ್, ಪರೀಕ್ಷೆ ಎಲ್ಲಕ್ಕೂ 9 ಲಕ್ಷ ಸೇರಿಸಿದರೆ ಒಟ್ಟು 45 ಲಕ್ಷ. ನಾವೇ ಮಾಡುತ್ತಿದ್ದೇವಲ್ಲ ಎಂದು ಸ್ವಂತ ಸಂಬಳದ ಜಾಗದಲ್ಲಿ ದಯವಿಟ್ಟು ಸೊನ್ನೆ ಬರೆಯಬೇಡಿ. ಬಿಟ್ಟುಬಂದ ಸಂಬಳವೂ ಬಂಡವಾಳವೇ. ಆ ಸೊನ್ನೆಯಿಂದ ನಷ್ಟವೂ ಲಾಭದಂತೆ ಕಾಣುತ್ತದೆ. ಬಿಡುಗಡೆ ಒಂದು ತಿಂಗಳು ತಡವಾದರೆ ಸಂಬಳವೊಂದಕ್ಕೇ ಇನ್ನೂ ಎರಡು ಲಕ್ಷ ಬೇಕು.

ಆದಾಯದ ಲೆಕ್ಕವನ್ನು ಮುಖಬೆಲೆಯಿಂದ ಆರಂಭಿಸಬಾರದು. 500 ರೂಪಾಯಿಯ ಆಟದಿಂದ ರಿಯಾಯಿತಿ ಮಾರಾಟ, ತೆರಿಗೆ, ಹಣ ವಾಪಸಾತಿ ಕಳೆದು ಸರಾಸರಿ 300 ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಅದರಲ್ಲಿ ಶೇ 30ರಷ್ಟನ್ನು ಪಡೆಯುತ್ತದೆ. ಒಂದು ಆಟದ ಗಳಿಕೆ ಒಂದು ಕೋಟಿ ಡಾಲರ್ ದಾಟಿದ ಮೇಲಷ್ಟೇ ಈ ಪಾಲು ಶೇ 25ಕ್ಕೆ ಇಳಿಯುವುದರಿಂದ ಹೊಸಬರು ಅದನ್ನು ನಂಬಿ ಕೂರುವಂತಿಲ್ಲ. ಕೈಗೆ ಬರುವುದು 210 ರೂಪಾಯಿ. 45 ಲಕ್ಷವನ್ನು ಅದರಿಂದ ಭಾಗಿಸಿದರೆ ಸುಮಾರು 21,430 ಪ್ರತಿಗಳು ಮಾರಾಟವಾದ ಬಳಿಕವೇ ಲಾಭ ಶುರುವಾಗುತ್ತದೆ. ಖರೀದಿಸಿ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಸ್ಟೀಮ್‌ನಲ್ಲಿ ಹಣ ವಾಪಸು ಪಡೆಯಬಹುದಾದ್ದರಿಂದ ಅಷ್ಟರಲ್ಲೇ ಮುಗಿದುಹೋಗುವ ತೀರಾ ಚಿಕ್ಕ ಆಟ ಮಾಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಆಟ ಕಟ್ಟಲು ಬಳಸುವ ತಂತ್ರಾಂಶವಾದ ಎಂಜಿನ್ ಅಷ್ಟು ದೊಡ್ಡ ಹೊರೆಯಲ್ಲ: ಗೊಡೊ ಎಂಬ ಎಂಜಿನ್ ಉಚಿತ, ಅನ್‌ರಿಯಲ್‌ನ ಶೇ 5ರ ರಾಯಧನ ಹತ್ತು ಲಕ್ಷ ಡಾಲರ್ ಗಳಿಕೆಯ ನಂತರದ್ದು.

ಬಂದ ಸಂಖ್ಯೆ ಹೆದರಿಸುವಂತಿದ್ದರೆ ಆಟದ ವ್ಯಾಪ್ತಿಯನ್ನು ಕಡಿಮೆ ಮಾಡಿ; ಎಂಟು ಹಂತಗಳ ಬದಲು ಮೂರು ಸಾಕು. ಹಣ ಹೇಗೋ ಹೊಂದಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ ಮುಂದುವರಿಯಬೇಡಿ. ಇದೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡವು ತನ್ನ 'ರಾಜಿ' ಆಟಕ್ಕಾಗಿ ಜನರಿಂದ ಹಣ ಸಂಗ್ರಹಿಸುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೇಳಿದಾಗ ಗುರಿ ಮುಟ್ಟಲಿಲ್ಲ. 2020ರಲ್ಲಿ ಆಟ ಬಿಡುಗಡೆಯಾಗುವ ತನಕ ಅದು ಬೇರೆ ದಾರಿಗಳಿಂದ ಹಣ ಹೊಂದಿಸಬೇಕಾಯಿತು. ಆಟವನ್ನು ಮಾರುಕಟ್ಟೆಗೆ ತರುವ ಪ್ರಕಾಶಕರು ಮುಂಗಡ ಕೊಡುವುದಾದರೆ, ಆ ಮುಂಗಡವನ್ನು ಅವರು ಒಟ್ಟು ಗಳಿಕೆಯಿಂದ ಮುರಿದುಕೊಳ್ಳುತ್ತಾರೋ ಅಥವಾ ನಿಮ್ಮ ಪಾಲಿನಿಂದ ಮಾತ್ರವೋ ಎಂಬುದನ್ನು ಕರಾರುಪತ್ರದಲ್ಲಿ ಓದಿ ನೋಡಿದ ಮೇಲೆಯೇ ಸಹಿ ಹಾಕಿ.