ಡೆಲ್ಟಾಗಳ ನೆಟ್‌ವರ್ಕ್ ಕಟ್ಟೋದು ಹೇಗೆ: ಮೊದಲು ಉಪ್ಪಿನ ಮೀಟರು, ಲೋಗೋ ಆಮೇಲೆ

ನದಿ ಸಮುದ್ರ ಸೇರೋ ಕಡೆ ಸಾವಿರಾರು ವರ್ಷ ಹೂಳು ಕೂತು ಕೂತು ಆಗಿರೋ ನೆಲಕ್ಕೆ ಪಠ್ಯಪುಸ್ತಕದಲ್ಲಿ ಮುಖಜಭೂಮಿ ಅಂತ ಬರೆದಿರ್ತಾರೆ, ಮಾತಾಡೋವಾಗ ಎಲ್ಲರೂ ಡೆಲ್ಟಾ ಅಂತಾನೇ ಅನ್ನೋದು. ಸುಂದರಬನ, ವಿಯೆಟ್ನಾಂನ ಮೆಕಾಂಗ್, ನೆದರ್ಲೆಂಡ್ಸ್, ನಮ್ಮ ಕೃಷ್ಣೆ ಕಾವೇರಿಯ ಕೊನೆ, ಎಲ್ಲಾ ಕಡೆ ಕಾಯಿಲೆ ಹೆಚ್ಚುಕಮ್ಮಿ ಒಂದೇ. ಸಮುದ್ರ ಮೇಲಕ್ಕೇಳ್ತಿದೆ, ನೆಲ ಕುಸೀತಿದೆ, ಉಪ್ಪುನೀರು ಒಳಗೆ ನುಗ್ತಿದೆ, ಮೇಲಿಂದ ಬರಬೇಕಾದ ಹೂಳು ಡ್ಯಾಮಲ್ಲೇ ಕೂತ್ಬಿಟ್ಟಿದೆ. ಹಾಗಾದ್ರೆ ಈ ಡೆಲ್ಟಾಗಳ ಜನರನ್ನೆಲ್ಲ ಒಂದು ಕಡೆ ಸೇರಿಸೋಣ ಅಂತ ಯಾರಿಗಾದ್ರೂ ಅನ್ಸುತ್ತೆ. ಸಮುದ್ರಾನೂ ಇಲ್ಲದ, ನದೀನೂ ಇಲ್ಲದ ಬೆಂಗಳೂರಲ್ಲಿ ಕೂತ್ಕೊಂಡು ಕೆಲವು ವರ್ಷ ಈ ಸೇರಿಸೋ ಕೆಲಸ ಮಾಡಿದೀನಿ, ಕೆಳಗಿರೋದೆಲ್ಲ ಜಾಸ್ತಿ ಭಾಗ ತಪ್ಪು ಮಾಡಿ ಕಲ್ತಿದ್ದು.

ಮೊದಲನೇ ತಪ್ಪು ಹೇಳ್ಬಿಡ್ತೀನಿ. ನಾವು ಉದ್ಘಾಟನೆಯಿಂದ ಶುರು ಮಾಡಿದ್ವಿ. ಹೋಟೆಲ್ ಹಾಲ್, ದೀಪ ಹಚ್ಚಿದ್ದು, ಐದು ದೇಶದ ಬಾವುಟ, ಒಪ್ಪಂದಕ್ಕೆ ಸಹಿ, ಗ್ರೂಪ್ ಫೋಟೋ. ಆಮೇಲೆ ಎಂಟು ತಿಂಗಳು ಗ್ರೂಪಲ್ಲಿ ಬಂದಿದ್ದು ಹೊಸ ವರ್ಷದ ಶುಭಾಶಯ ಬಿಟ್ರೆ ಬೇರೇನಿಲ್ಲ. ಅದಕ್ಕೇ ಹೇಳೋದು, ಶುರು ಮಾಡೋಕೂ ಮುಂಚೆ ಈಗಾಗ್ಲೇ ಇರೋದನ್ನ ನೋಡಿ. ಡೆಲ್ಟಾ ಅಲಯನ್ಸ್ ಅಂತ 2010ರ ಹೊತ್ತಲ್ಲಿ ಒಂದು ಶುರುವಾಯ್ತು, ನೆದರ್ಲೆಂಡ್ಸ್ ಕಡೆಯೋರು ಮುಂದೆ ನಿಂತು ಕಟ್ಟಿದ್ದು, ಸರ್ಕಾರ ಸರ್ಕಾರಗಳ ನಡುವೆ ಬೇರೆ ಕೂಟಗಳಿವೆ. ನಿಮ್ಮ ಕೆಲಸ ಅಲ್ಲೇ ಆಗುತ್ತೆ ಅಂದ್ರೆ ಅಲ್ಲೇ ಸೇರ್ಕೊಳಿ, ಸುಮ್ನೆ ಇನ್ನೊಂದು ಬೋರ್ಡ್ ಯಾಕೆ. ನಿಮ್ಮ ಪ್ರಶ್ನೆ ತೀರಾ ಸಣ್ಣದು, ತೀರಾ ನಿರ್ದಿಷ್ಟ, ದೊಡ್ಡವರ ಸಭೇಲಿ ಅದಕ್ಕೆ ಜಾಗ ಸಿಗಲ್ಲ ಅನ್ನೋದಾದ್ರೆ ಮಾತ್ರ ಹೊಸದು ಕಟ್ಟಿ.

ಪ್ರಶ್ನೆ ಅಂದೆ ನೋಡಿ, ಅದೇ ಮುಖ್ಯ. "ಹವಾಮಾನ ಬದಲಾವಣೆ" ಅಂತ ಇಟ್ಕೊಂಡ್ರೆ ಎಲ್ಲರೂ ತಲೆ ಆಡಿಸ್ತಾರೆ, ಯಾರೂ ಏನೂ ಮಾಡಲ್ಲ. ನಾವು ಎರಡನೇ ಸಲ ಶುರು ಮಾಡ್ದಾಗ ಇಟ್ಕೊಂಡಿದ್ದು ಒಂದೇ: ಗದ್ದೆಗೆ ಉಪ್ಪು ಯಾವಾಗ ಬರುತ್ತೆ, ಎಷ್ಟು ಬರುತ್ತೆ, ಬಂದ್ಮೇಲೆ ಏನು ಬೆಳೀಬಹುದು. ಇಷ್ಟು ಇಟ್ಕೊಂಡ್ರೆ ಯಾವ ಯಾವ ಡೆಲ್ಟಾ ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಸುಂದರಬನದ ಈ ಕಡೆ ಗೋಸಾಬಾ, ಗಡಿಯಾಚೆ ಬಾಂಗ್ಲಾದ ಸಾತ್ಖೀರಾ. ಇಬ್ಬರೂ ಮಾತಾಡೋದು ಬಂಗಾಳಿ, ಅನುವಾದಕರ ಖರ್ಚೇ ಇಲ್ಲ, ಗಡಿ ದಾಟೋ ನೆಟ್‌ವರ್ಕ್ ಇಲ್ಲಿಂದ ಶುರು ಮಾಡೋದು ತುಂಬಾ ಸುಲಭ. ಆಮೇಲೆ ಮೆಕಾಂಗ್‌ನ ಸಾಕ್ ಟ್ರಾಂಗ್, ಅಲ್ಲಿ ಮಳೆಗಾಲದಲ್ಲಿ ಭತ್ತ, ಉಪ್ಪು ಏರೋ ಬೇಸಿಗೇಲಿ ಅದೇ ಗದ್ದೇಲಿ ಸಿಗಡಿ. ಇದನ್ನ ಕೇಳಿದ ತಕ್ಷಣ ನಮ್ಮ ಉತ್ತರ ಕನ್ನಡದೋರು ಒಬ್ಬರು "ಇದು ನಮ್ಮ ಗಜನಿ ಗದ್ದೆ ಅಲ್ವಾ!" ಅಂದ್ರು. ನಿಜಾನೇ, ಕುಮಟಾ ಕಡೆ ಅಘನಾಶಿನಿ ಅಳಿವೇಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ್ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡೀತಾರಲ್ಲ, ಅದೇ ಲೆಕ್ಕ. ಅಘನಾಶಿನಿ ಡೆಲ್ಟಾ ಅಲ್ಲ, ಆದ್ರೂ ಅವರನ್ನ ಕರೀರಿ. ಭೂಗೋಳದ ಹೆಸರು ಹೊಂದೋದಕ್ಕಿಂತ ಕೆಲಸ ಹೊಂದೋದು ಮುಖ್ಯ.

ಈಗ ಅಳತೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ನಾವು ಎಡವಿದ್ದು ಇಲ್ಲೇ. ಒಂದು ಕಾಲ್‌ನಲ್ಲಿ ವಿಯೆಟ್ನಾಂನೋರು "ನಾಲ್ಕು ದಾಟಿದ್ರೆ ಕಾಲುವೆ ಗೇಟ್ ಹಾಕ್ಬಿಡ್ತೀವಿ" ಅಂದ್ರು, ಗೋಸಾಬಾದೋರು "ನಾಲ್ಕಾ? ನಾಲ್ಕಕ್ಕೆ ನಾವು ಆರಾಮಾಗಿ ನಾಟಿ ಮಾಡ್ತೀವಿ" ಅಂದ್ರು. ಎರಡು ವಾರ ನಮ್ಮ ತಲೇಲಿ ವಿಯೆಟ್ನಾಂ ಭತ್ತ ತುಂಬಾ ನಾಜೂಕು ಅಂತಾನೇ ಇತ್ತು. ಆಮೇಲೆ ನೋಡಿದ್ರೆ ಅವರು ಹೇಳಿದ್ದು ಲೀಟರಿಗೆ 4 ಗ್ರಾಂ ಉಪ್ಪು, ಇವರು ಹೇಳಿದ್ದು ಮೀಟರಿಗೆ 4 ಡೆಸಿಸೀಮನ್ಸ್, ಅಂದ್ರೆ ಉಪ್ಪಿನಿಂದಾಗಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ. ಲೀಟರಿಗೆ 4 ಗ್ರಾಂ ಅಂದ್ರೆ ಸುಮಾರು 6ರಿಂದ 7 ಡೆಸಿಸೀಮನ್ಸ್ ಆಗುತ್ತೆ, ಒಂದೂವರೆ ಪಟ್ಟಿಗೂ ಜಾಸ್ತಿ! ಅದರ ಮೇಲೆ ಒಬ್ಬರು ಅಳೆದಿದ್ದು ಕಾಲುವೆ ನೀರು, ಇನ್ನೊಬ್ಬರು ಮಣ್ಣು. ಹಾಗಾಗಿ ಮೊದಲನೇ ದಿನವೇ ತೀರ್ಮಾನ ಮಾಡ್ಕೊಳಿ: ಒಂದೇ ಕಂಪನಿ ಒಂದೇ ಮಾಡೆಲ್ ಇಸಿ ಮೀಟರ್ (ಈ ಡೆಸಿಸೀಮನ್ಸ್ ಅಳೆಯೋದು) ಎಲ್ಲರಿಗೂ, ಒಂದೇ ಯೂನಿಟ್, ನೀರು ಬೇರೆ ಕಾಲಂ ಮಣ್ಣು ಬೇರೆ ಕಾಲಂ, ಅಮಾವಾಸ್ಯೆ ಹುಣ್ಣಿಮೆ ದಿನ ಉಬ್ಬರ ಪೂರ್ತಿ ಏರಿದ ಹೊತ್ತಿಗೆ ಒಂದು ರೀಡಿಂಗ್, ಇಳಿದ ಮೇಲೆ ಒಂದು. ನೋಟ್‌ಬುಕ್ಕಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ರೆ ಸಾಕು, ಆ್ಯಪ್ ಮಾಡಿಸೋಕೆ ಹೋಗ್ಬೇಡಿ, ನಾವು ಮಾಡಿಸಿ ದುಡ್ಡು ಕಳ್ಕೊಂಡ್ವಿ.

ನೆಲದ ಎತ್ತರದ್ದೂ ಇದೇ ಕಥೆ. ಮೆಕಾಂಗ್ ಡೆಲ್ಟಾ ಸಮುದ್ರಕ್ಕಿಂತ ಸರಾಸರಿ 2.6 ಮೀಟರ್ ಎತ್ತರ ಇದೆ ಅಂತ ಉಪಗ್ರಹದ ಲೆಕ್ಕ ಇಟ್ಕೊಂಡು ಎಲ್ಲರೂ ನಂಬಿದ್ರು, 2019ರಲ್ಲಿ ಅಲ್ಲಿನ ಸರ್ವೆ ಅಂಕಿಅಂಶ ಹಾಕಿ ಸರಿಯಾಗಿ ನೋಡಿದ್ರೆ ಬರೀ 0.8 ಮೀಟರ್. ಸೊಂಟದವರೆಗೂ ಇಲ್ಲ. ಸೊನ್ನೆ ಎಲ್ಲಿಂದ ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಇಟ್ಕೊಂಡ್ರೆ ಎರಡು ಡೆಲ್ಟಾಗಳ ಮ್ಯಾಪು ಪಕ್ಕಪಕ್ಕ ಇಟ್ಟು ಹೋಲಿಸೋದ್ರಲ್ಲಿ ಅರ್ಥಾನೇ ಇಲ್ಲ. ಇನ್ನು ನಮ್ಮ ದೇಶದಲ್ಲಿ ಗಂಗಾ ಬ್ರಹ್ಮಪುತ್ರದ ನೀರಿನ ಹರಿವಿನ ಲೆಕ್ಕ ರಹಸ್ಯದ ಪಟ್ಟೀಲಿದೆ, ಅದನ್ನ ವಿದೇಶದೋರ ಜೊತೆ ಹಂಚ್ಕೊಳೋದು ಕನಸಲ್ಲೂ ಬೇಡ. ನೀವೇ ಅಳೆದಿದ್ದು ಮಾತ್ರ ಹಂಚ್ಕೊಳಿ.

ಯಾರನ್ನ ಕೂರಿಸ್ಬೇಕು? ಪ್ರೊಫೆಸರುಗಳು ಹೇಗಿದ್ರೂ ಬರ್ತಾರೆ. ಒಡ್ಡು ಕಾಯೋರು, ಗೇಟ್ ಎತ್ತೋರು, ಸಿಗಡಿ ಸಾಕೋರು, ನಾಟಿ ಹಾಕೋ ಹೆಂಗಸರು, ಇವರು ಬರೋ ಥರ ಮಾಡಿ. ಜೊತೆಗೆ ಒಬ್ಬರನ್ನ ಮರೀಬೇಡಿ, ನದಿಯ ಮೇಲ್ಗಡೆಯವರನ್ನ. ಮೆಕಾಂಗ್ ನದಿ ಆಯೋಗ 1995ರಲ್ಲಿ ಆಯ್ತು, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ನಾಲ್ಕೇ ದೇಶ ಸದಸ್ಯರು, ಮೇಲೆ ಸಾಲು ಸಾಲು ಡ್ಯಾಮ್ ಕಟ್ಟಿರೋ ಚೀನಾ ಸದಸ್ಯ ಅಲ್ಲ. ನಗ್ಬೇಡಿ, ಕೃಷ್ಣೆ ಕಾವೇರಿ ವಿಷಯದಲ್ಲಿ ಆ ಮೇಲ್ಗಡೆಯವರು ನಾವೇ. ತುಂಗಭದ್ರಾ ಡ್ಯಾಮು ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಈಗ 105ರ ಆಸುಪಾಸು, ಮಿಕ್ಕಿದ ಜಾಗದಲ್ಲಿ ಹೂಳು. ನಮಗೆ ಅದು ಹೂಳು, ಅದೇ ಕೆಳಗೆ ಹೋಗಿದ್ರೆ ಆಂಧ್ರದ ಡೆಲ್ಟಾಗೆ ನೆಲ ಆಗ್ತಿತ್ತು. ನೆಟ್‌ವರ್ಕಲ್ಲಿ ಕರ್ನಾಟಕದೋರಿಗೆ ಏನು ಕೆಲಸ ಅಂತ ಕೇಳಿದೋರಿಗೆ ನಾನು ಇದನ್ನೇ ಹೇಳೋದು, ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ. ಒಂದೇ ಎಚ್ಚರಿಕೆ, ನೀರಿನ ಪಾಲಿನ ಮಾತು ಎತ್ತಬೇಡಿ. ಟಿಎಂಸಿ ಹಂಚಿಕೆ ಅಂದ ತಕ್ಷಣ ರೂಮಿನ ಗಾಳಿ ಬದಲಾಗುತ್ತೆ, ಎಲ್ಲರೂ ತಂತಮ್ಮ ರಾಜ್ಯದ ವಕೀಲರಾಗಿಬಿಡ್ತಾರೆ. ಹೂಳಿನ ಮಾತು ಎತ್ತಿ, ಅದಕ್ಕೆ ಜಗಳ ಕಮ್ಮಿ.

ದುಡ್ಡು. ಭಾರತದ ಕಡೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ, ಇಲ್ಲದೆ ಸಂಸ್ಥೆ ವಿದೇಶಿ ದುಡ್ಡು ಮುಟ್ಟೋ ಹಾಗಿಲ್ಲ, ಅದು ಗೊತ್ತಿರೋದೇ. ಗೊತ್ತಿಲ್ಲದೆ ಸಿಕ್ಕಾಕೊಳೋದು ಎಲ್ಲಿ ಅಂದ್ರೆ, 2020ರ ತಿದ್ದುಪಡಿ ಆದ್ಮೇಲೆ ಹಾಗೆ ಬಂದ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ, ಅವರ ಹತ್ರ ಎಫ್‌ಸಿಆರ್‌ಎ ಇದ್ರೂ ಇಲ್ಲ, ಮತ್ತೆ ಆಡಳಿತದ ಖರ್ಚು 20% ದಾಟೋ ಹಾಗಿಲ್ಲ. ಅಂದ್ರೆ "ಬೆಂಗಳೂರಿಗೆ ಎಲ್ಲಾ ದುಡ್ಡು ಬರಲಿ, ನಾವು ಗೋಸಾಬಾಗೆ ಕಳಿಸ್ತೀವಿ" ಅನ್ನೋ ಬಜೆಟ್ ಬರೆದ್ರೆ ಮುಗೀತು. ದಾನಿ ಒಬ್ಬೊಬ್ಬ ಪಾಲುದಾರರಿಗೂ ನೇರವಾಗಿ ಕೊಡೋ ಹಾಗೆ ಅರ್ಜೀಲೇ ಬರೀರಿ. ಬಾಂಗ್ಲಾದಲ್ಲಿ ಎನ್‌ಜಿಒ ಅಫೇರ್ಸ್ ಬ್ಯೂರೋ ಒಪ್ಪಿಗೆ ಬೇಕು, ವಿಯೆಟ್ನಾಂನಲ್ಲಿ ವಿದೇಶದೋರನ್ನ ಕರೆಸಿ ಸಭೆ ಮಾಡೋಕೇ ಮುಂಚಿತವಾಗಿ ಅನುಮತಿ ಬೇಕು. ಇದಕ್ಕೆಲ್ಲ ಆರು ತಿಂಗಳು ಇಟ್ಕೊಳಿ. ಅನುವಾದಕರಿಗೆ ಬಜೆಟಲ್ಲಿ ಬೇರೆ ಸಾಲು ಇರಲಿ, "ಇತರೆ" ಅಂತ ಹಾಕಿದ್ರೆ ಮೊದಲು ಕಟ್ ಆಗೋದು ಅದೇ.

ಕ್ಯಾಲೆಂಡರ್ ವಿಷಯ ಸಣ್ಣದು ಅನ್ಸುತ್ತೆ, ಅಲ್ಲ. ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ ಮೇ ಮತ್ತೆ ನವೆಂಬರ್ ಕಾಲ. 2021ರ ಮೇ 26ಕ್ಕೆ ಯಾಸ್ ಅಪ್ಪಳಿಸಿದ್ದು ಒಡಿಶಾಗೆ, ಆದ್ರೆ ಅವತ್ತೇ ಹುಣ್ಣಿಮೆ, ಉಬ್ಬರ ಸೇರ್ಕೊಂಡು ಸುಂದರಬನದಲ್ಲಿ ಒಡ್ಡುಗಳು ಒಡೆದ್ವು. ಹಾಗಾಗಿ ಆ ತಿಂಗಳುಗಳಲ್ಲಿ, ಅದರಲ್ಲೂ ಹುಣ್ಣಿಮೆ ಅಮಾವಾಸ್ಯೆ ಹತ್ರ ಸಭೆ ಇಟ್ರೆ ಬರಬೇಕಾದೋರು ಒಡ್ಡಿನ ಮೇಲೆ ಇರ್ತಾರೆ. ಮೆಕಾಂಗಲ್ಲಿ ಫೆಬ್ರವರಿಯಿಂದ ಏಪ್ರಿಲ್ ಉಪ್ಪಿನ ಕಾಟ, ಜನವರಿ ಕೊನೆ ಇಲ್ಲ ಫೆಬ್ರವರೀಲಿ ಟೆಟ್ ಅನ್ನೋ ಅವರ ಹೊಸ ವರ್ಷದ ಹಬ್ಬ. ಡಚ್ಚರು ಜುಲೈ ಆಗಸ್ಟಲ್ಲಿ ಸಿಗಲ್ಲ. ಕೂಡಿ ಕಳೆದು ನಮಗೆ ಉಳಿದಿದ್ದು ಜನವರಿ ಮೊದಲ ಎರಡು ವಾರ. ಆನ್‌ಲೈನ್ ಕಾಲ್ ಅಂದ್ರೆ ನಮ್ಮ ಮಧ್ಯಾಹ್ನ 2 ಗಂಟೆ ಇಡಿ, ವಿಯೆಟ್ನಾಂಗೆ ಮೂರೂವರೆ, ಢಾಕಾಗೆ ಎರಡೂವರೆ, ನೆದರ್ಲೆಂಡ್ಸಿಗೆ ಚಳಿಗಾಲದಲ್ಲಿ ಬೆಳಗ್ಗೆ ಒಂಬತ್ತೂವರೆ. ಇನ್ನೊಂದು, ವಿಯೆಟ್ನಾಂನ ರೈತರು ಇರೋದು ಝಾಲೋದಲ್ಲಿ, ಮಿಕ್ಕವರೆಲ್ಲ ವಾಟ್ಸಾಪ್. ಎರಡರಲ್ಲೂ ಇದ್ದು ಅಲ್ಲಿಂದಿಲ್ಲಿಗೆ ದಾಟಿಸೋ ಒಬ್ಬ ಮನುಷ್ಯನಿಗೆ ಸಂಬಳ ಕೊಡಿ, ಅವರೇ ನಿಮ್ಮ ನಿಜವಾದ ನೆಟ್‌ವರ್ಕ್.

ಒಬ್ಬರ ಊರಿಗೆ ಇನ್ನೊಬ್ಬರನ್ನ ಕರ್ಕೊಂಡು ಹೋಗೋವಾಗ ಗೆದ್ದಿದ್ದನ್ನ ಮಾತ್ರ ತೋರಿಸ್ಬೇಡಿ. ಬಾಂಗ್ಲಾದ ಜೆಸ್ಸೋರ್ ಖುಲ್ನಾ ಕಡೆ 1960ರ ದಶಕದಲ್ಲಿ ಒಡ್ಡು ಕಟ್ಟಿ ಪೋಲ್ಡರ್ ಮಾಡಿದ್ರು, ಅಂದ್ರೆ ಸುತ್ತ ಒಡ್ಡು ಹಾಕಿ ನೀರು ತಡೆದ ತಗ್ಗು ನೆಲ. ಉಬ್ಬರದ ಜೊತೆ ಬರ್ತಿದ್ದ ಹೂಳು ಹೊಲಕ್ಕೆ ಬರೋ ದಾರಿ ಮುಚ್ಚಿ ನದೀಲೇ ಕೂತು ನದಿ ಮೇಲೆದ್ದಿತು, ಒಳಗಿನ ಮಳೆನೀರು ಹೊರಗೆ ಹೋಗದೆ ವರ್ಷಗಟ್ಟಲೆ ನಿಂತಿತು. ಕೊನೆಗೆ ಊರೋರೇ 1990ರಲ್ಲಿ ಬೀಲ್ ಡಾಕಾತಿಯಾದಲ್ಲಿ, 1997ರಲ್ಲಿ ಬೀಲ್ ಭಾಯ್ನಾದಲ್ಲಿ (ಬೀಲ್ ಅಂದ್ರೆ ಬಂಗಾಳಿಲಿ ನೀರು ನಿಲ್ಲೋ ತಗ್ಗು) ಒಡ್ಡು ಕಡಿದ್ರು, ಹೂಳು ಒಳಗೆ ಬಂದು ತಗ್ಗು ಏರ್ತು, ನದಿ ಆಳ ಆಯ್ತು. ಅದೇ ಆಮೇಲೆ ಸರ್ಕಾರದ ಯೋಜನೆ ಆಯ್ತು. ತಮಾಷೆ ಅಂದ್ರೆ ಪೋಲ್ಡರ್ ಅನ್ನೋ ಪದ ಕೊಟ್ಟ ಡಚ್ಚರೇ ಈಚೆಗೆ ನೂರ್ಡ್‌ವಾರ್ಡ್ ಅನ್ನೋ ಪೋಲ್ಡರಿನ ಒಡ್ಡು ತಗ್ಗಿಸಿ ನದಿಗೆ ಜಾಗ ಬಿಟ್ಟಿದಾರೆ. ಈ ಇಬ್ಬರನ್ನ ಒಂದೇ ಒಡ್ಡಿನ ಮೇಲೆ ನಿಲ್ಲಿಸಿ ಒಂದಿನ ಬಿಟ್ಬಿಡಿ, ಪವರ್‌ಪಾಯಿಂಟ್ ಬೇಕಾಗಲ್ಲ. ಆದ್ರೆ ಹೂಳು ತುಂಬೋ ವರ್ಷಗಳಲ್ಲಿ ಬೆಳೆ ಇಲ್ಲದೆ ಕೂತ ರೈತರಿಗೆ ಪರಿಹಾರ ಹೇಗೆ ಸಿಕ್ತು, ಸಿಗ್ಲಿಲ್ಲ, ಅದನ್ನೂ ಕೇಳಿಸಿ.

ವೆಬ್‌ಸೈಟ್, ಲೋಗೋ ಎರಡನೇ ವರ್ಷಕ್ಕೆ. ಮೊದಲನೇ ವರ್ಷ ಕೊಳ್ಳಬೇಕಾದ್ದು ಮೀಟರು, ಅದು ಸರಿ ತೋರಿಸ್ತಿದೆಯಾ ಅಂತ ನೋಡೋ ಕ್ಯಾಲಿಬ್ರೇಷನ್ ದ್ರಾವಣ. ಕುಡಿಯೋ ನೀರಿಗೆ ಅಂತ ಕೊಡೋ 1413 ಮೈಕ್ರೋಸೀಮನ್ಸ್ ಬಾಟಲಿ ಉಪ್ಪುನೀರಿಗೆ ಸಾಲಲ್ಲ, 12.88 ಮಿಲಿಸೀಮನ್ಸ್ ಇರೋದೂ ತರಿಸಿ. ಮತ್ತೆ ವಿಮಾನದಲ್ಲಿ ತಗೊಂಡು ಹೋಗೋವಾಗ ಕೈಚೀಲದಲ್ಲಿ ಹಾಕ್ಕೋಬೇಡಿ, 100 ಎಂಎಲ್ ದಾಟಿದ ಬಾಟಲಿ ಸೆಕ್ಯುರಿಟೀಲೇ ಎತ್ತಿಟ್ಕೊಳ್ತಾರೆ, ನಮ್ಮದು ಅರ್ಧ ಲೀಟರ್ ಅಲ್ಲೇ ಉಳೀತು.