ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂದರೆ

ಎರಡು ವರ್ಷದ ನನ್ನ ಮಗನಿಗೆ ಜ್ವರದಲ್ಲಿ ಫಿಟ್ಸ್ ಬಂದಾಗ ಗಾಬರಿಯಲ್ಲಿ ಬಾಯಿಗೆ ಚಮಚ ಇಡಲು ಹೋಗಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ, ಏನನ್ನೂ ಕುಡಿಸಬೇಡಿ. ಕೂಡಲೇ ಗಡಿಯಾರ ನೋಡಿಕೊಳ್ಳಿ. 5 ನಿಮಿಷ ದಾಟಿದರೆ ಅಥವಾ ಉಸಿರಾಟ ಸರಿಯಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ. ಬೇಗ ನಿಂತರೂ ತಡಮಾಡದೆ ಡಾಕ್ಟರಿಗೆ ತೋರಿಸಿ.

ಇದು ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗೆ ಬರುತ್ತದೆ. ಹೆಚ್ಚಿನ ಮಕ್ಕಳಿಗೆ ಮುಂದೆ ತೊಂದರೆ ಇರುವುದಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ ದೊಡ್ಡ ಮಗಳನ್ನು ನಾವು ಮರೆತೇಬಿಟ್ಟಿದ್ದೆವು. ಎಷ್ಟೋ ರಾತ್ರಿ ಅವಳು ಎದ್ದು ತಮ್ಮನ ಎದೆ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು, ಅಲ್ವಾ? "ಜ್ವರದಿಂದ ಆಗಿದ್ದು. ನಿನ್ನ ತಪ್ಪಲ್ಲ, ಪುಟ್ಟಿ."