ನೀರಲ್ಲಿ ತೂಗಿದ ಹರಳು

ಮುಂಬಯಿಯ ಜವೇರಿ ಬಜಾರ್‌ನಲ್ಲಿ, ಮೂರನೇ ಮಹಡಿಯ ಗೂಡಿನಂಥ ಕೋಣೆಯಲ್ಲಿ ಕೂತು ಹರಳು ಕೂರಿಸುವುದು ನನ್ನ ಕೆಲಸ. ಕುಮಟಾದಿಂದ ಬಂದ ಹೊಸದರಲ್ಲಿ ನನಗೆ ನೀಲಿ ಅಂದರೆ ನೀಲಮಣಿ ಒಂದೇ. ಅಕ್ವಾಮರೀನ್ ಎಂಬ ತಿಳಿನೀಲಿ ಹರಳು ನವರತ್ನದ ಸಾಲಿನಲ್ಲೇ ಇಲ್ಲವಲ್ಲ! ಅದು ಪಚ್ಚೆಯ ಒಡಹುಟ್ಟು, ಎರಡೂ ಬೆರಿಲ್ ಎಂಬ ಒಂದೇ ಖನಿಜ ಎಂದು ಹೇಳಿಕೊಟ್ಟವರು ನನ್ನ ಸೋದರಮಾವ. ಇದರ ನೀಲಿ ಕಬ್ಬಿಣದ ಅಂಶದಿಂದ ಬಂದದ್ದು. ಲೂಪಿನಲ್ಲಿ, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ ಪಚ್ಚೆಯ ಒಳಗೆ ಬಿರುಕಿನ ಕಾಡು, ಇದರ ಒಳಗೆ ಹೆಚ್ಚಾಗಿ ತಿಳಿನೀರು.

ಹೆಸರಿನ ಅರ್ಥವೂ ಲ್ಯಾಟಿನ್‌ನಲ್ಲಿ ಸಮುದ್ರದ ನೀರು ಅಂತಲೇ. ಹಿಂದೆ ಯುರೋಪಿನ ನಾವಿಕರು ರಕ್ಷೆಗೆಂದು ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಕಡೆಯ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಕೈಮುಗಿಯುತ್ತಾರೆ, ಹರಳಿಗೆ ದುಡ್ಡೆಲ್ಲಿ?

ಒಮ್ಮೆ ಡೊಂಬಿವಲಿಯಿಂದ ಊರ ಕಡೆಯ ಅಕ್ಕ ಒಬ್ಬರು ಕಾಗದದಲ್ಲಿ ಮಡಿಸಿ ಬಿಡಿ ಹರಳು ತಂದರು. "ತಮ್ಮಾ, ಅಕ್ವಾಮರೀನ್ ಅಂತ ಕೊಟ್ಟಿದ್ದಾರೆ. ಮಗಳು ಮಾರ್ಚ್‌ನಲ್ಲಿ ಹುಟ್ಟಿದವಳು, ಆ ತಿಂಗಳ ಹರಳು ಇದೇ ಅಂತೆ, ಉಂಗುರ ಮಾಡಿಕೊಡು."

ಬಣ್ಣ ತುಸು ಜಾಸ್ತಿಯೇ ಗಾಢ ಅನಿಸಿತು. ಗಾಳಿಯಲ್ಲಿ ತೂಗಿದೆ, 7.06 ಕ್ಯಾರೆಟ್. ಸಣ್ಣ ತಂತಿಯ ಬುಟ್ಟಿಯಲ್ಲಿ ನೀರಿಗಿಳಿಸಿದಾಗ 5.06. ನೀರಿಗೆ ಒಂದು ಹನಿ ಸೋಪು ಹಾಕಿರುತ್ತೇನೆ, ಹರಳಿಗೆ ಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. 7.06ನ್ನು ಕಡಿಮೆಯಾದ 2ರಿಂದ ಭಾಗಿಸಿದರೆ 3.53, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಹರಳು ಅಷ್ಟು ಪಟ್ಟು ಭಾರ. ಅಕ್ವಾಮರೀನ್ ಆಗಿದ್ದರೆ 2.7ರ ಆಸುಪಾಸು ಬರಬೇಕಿತ್ತು. 3.53 ಟೋಪಾಜ್ ಎಂಬ ಬೇರೆ ಹರಳಿನ ಲೆಕ್ಕ.

"ಅಕ್ಕಾ, ಇದು ಟೋಪಾಜ್. ವಿಕಿರಣ ಹಾಯಿಸಿ, ಕಾಯಿಸಿ ನೀಲಿ ಮಾಡಿದ್ದು."

ಅವರ ಮುಖ ಬಾಡಿತು. ಅಕ್ವಾಮರೀನನ್ನೂ ಹಸಿರು ಛಾಯೆ ಹೋಗಲೆಂದು ಕಾಯಿಸುತ್ತಾರೆ, ಅದು ಮೋಸವಲ್ಲ, ಆ ಬಣ್ಣ ನಿಲ್ಲುತ್ತದೆ. ಆದರೆ ಹರಳನ್ನೇ ಬೇರೆ ಹೆಸರಲ್ಲಿ ಮಾರಿದರೆ?

ನಾನೇನೂ ಸಾಚಾ ಅಲ್ಲ. ಒಮ್ಮೆ ಉಂಗುರದ ಅಳತೆ ಹೆಚ್ಚಿಸುವಾಗ ಸೋಮಾರಿತನದಿಂದ ಅಕ್ವಾಮರೀನ್ ಬಿಚ್ಚದೆ ಬೆಂಕಿ ಹಿಡಿದೆ. ಅಡ್ಡಕ್ಕೆ ಬಿರುಕು ಬಿತ್ತು, ಹೊಸ ಹರಳಿನ ಹಣ ನನ್ನ ಜೇಬಿನಿಂದಲೇ ಹೋಯಿತು. ಆವತ್ತಿನಿಂದ ಮೊದಲು ಹರಳು ಹೊರಗೆ, ಆಮೇಲೆ ಬೆಂಕಿ. ತೊಳೆಯಲು ಉಗುರುಬೆಚ್ಚಗಿನ ನೀರು, ಮೆದು ಸೋಪು, ಮಕ್ಕಳ ಬ್ರಷ್ಷು ಸಾಕು. ಒಳಗೆ ನೀರಿನ ಎಳೆ, ಬಿರುಕು ಕಂಡರೆ ಶಬ್ದದ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕುವುದಿಲ್ಲ. ವಜ್ರದ ಗಡಸುತನ ಹತ್ತು ಅಂದರೆ ಅಕ್ವಾಮರೀನಿನದು 7.5ರಿಂದ 8. ವಜ್ರದ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಖಂಡಿತ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಂದ ಇದೆಯಲ್ಲ ತಮ್ಮಾ, ಇದನ್ನೇ ಕೂರಿಸು" ಅಂದರು. ಟೋಪಾಜ್ ಒಂದೇ ಏಟಿಗೆ ಸೀಳಿಬಿಡುವ ಜಾತಿ. ಉಸಿರು ಬಿಗಿಹಿಡಿದು ಕೂರಿಸಿದೆ. ಚೀಟಿಯಲ್ಲಿ ಟೋಪಾಜ್ ಅಂತಲೇ ಬರೆದೆ.